ಐಸಿನ ಮೇಲೆ ಕೂತ ಬನ್ನಣ್ಣ

ಒಬ್ಬ ಗಂಡಸಿನ ಬಾಳಿನಲ್ಲಿ ಏನಾದರೂ ಏರುಪೇರಾದರೆ ಅದು ಮೊದಲು ಗೊತ್ತಾಗುವುದು ಹೆಂಡತಿಗಲ್ಲ, ಡಾಕ್ಟರಿಗೂ ಅಲ್ಲ, ಟೈಲರಿಗೆ. ಹೊಟ್ಟೆ ಬಂದವನು, ಹೊಟ್ಟೆ ಕರಗಿದವನು, ಬಡ್ತಿ ಸಿಕ್ಕಿ ಎದೆ ಉಬ್ಬಿದವನು, ಎಲ್ಲರೂ ನನ್ನ ಟೇಪಿನ ಕೆಳಗೆ ಬಂದೇ ಬರುತ್ತಾರೆ. ಹಾಗಾಗಿ ಆ ಬೆಳಿಗ್ಗೆ ಪಕ್ಕದ ಬೇಕರಿಯ ಬನ್ನಣ್ಣ ತನ್ನ ಅಷ್ಟೂ ಪ್ಯಾಂಟುಗಳನ್ನು ಅವುಚಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿದಾಗಲೇ ನನಗೆ ವಾಸನೆ ಹೊಡೆಯಿತು.

"ಎಲ್ಲದರ ಸೀಟೂ ಬಿಚ್ಚಿ ಸಡಿಲ ಮಾಡು," ಅಂದ.

"ಎಷ್ಟು ಸಡಿಲ?"

"ಗಾಳಿ ಆಡೋಷ್ಟು."

"ಇಂಚಿನಲ್ಲಿ ಹೇಳು ಮಾರಾಯ. ಫ್ಯಾನ್ ಗಾಳೀನೋ, ಬಿರುಗಾಳೀನೋ?"

"ಹೊಲಿ ಅಂದ್ರೆ ಹೊಲಿ. ನಿನಗ್ಯಾಕೆ ಊರ ಉಸಾಬರಿ?"

ಅವನ ಸೊಂಟ ಹಿಂದಿನ ಅಳತೆಗಿಂತ ಒಂದು ಎಳೆಯೂ ಬೆಳೆದಿರಲಿಲ್ಲ. ಅಳೆದು ನೋಡಿದೆ. ಸೊಂಟ ಬೆಳೆಯದೆ ಸೀಟು ಮಾತ್ರ ಸಡಿಲ ಬೇಕೆಂದರೆ ಅದಕ್ಕೆ ಒಂದೇ ಅರ್ಥ. ಕುರು. ಕೂರಲಾಗದ ಜಾಗದಲ್ಲಿ ಎದ್ದ ಕುರು. ನಾನು ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ಎದುರಿನ ಜ್ಯೂಸ್ ಅಂಗಡಿಯವನಿಗೆ ಮಾತ್ರ ಹೇಳಿದೆ, ಅದೂ ಅವನು ಕೇಳಿದ್ದಕ್ಕೆ. ಅವನು ಕೇಳಿದ್ದು "ಊಟ ಆಯ್ತಾ?" ಅಂತ. ಮಾತಿಗೆ ಮಾತು ಬಂತು, ಅಷ್ಟೇ.

ಬನ್ನಣ್ಣ ಎಂಬುದು ಬೀದಿ ಇಟ್ಟ ಹೆಸರು. ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟಿಗೆಯ ದೊಡ್ಡ ಭಟ್ಟಿ, ಅದಕ್ಕೆ ಅಂಟಿಕೊಂಡೇ ಮನೆ. ಮೀಸೆ ಮೂಡಿದಾಗಿನಿಂದ ಆ ಭಟ್ಟಿಯ ಬಾಯಿಗೆ ಎದುರಾಗಿ ನಿಂತು ಬನ್ನು ಸುಟ್ಟವನು ಅವನು. ಕೈ ಬಂಗಾರ. ಬಾಯಿ ಮಾತ್ರ ಸ್ವಲ್ಪ ಉದ್ದ. ಗೊತ್ತಿಲ್ಲ ಎನ್ನುವ ಮಾತು ಅವನ ನಾಲಿಗೆಯ ಮೇಲೆ ಹುಟ್ಟಿಯೇ ಇರಲಿಲ್ಲ. ಗ್ರಹಣ ಯಾಕೆ ಹಿಡಿಯುತ್ತದೆ, ವಿಮಾನ ಯಾಕೆ ಬೀಳುವುದಿಲ್ಲ, ಏನೇ ಕೇಳಿದರೂ ಹಿಟ್ಟಿನ ಉದಾಹರಣೆ ಕೊಟ್ಟು ವಿವರಿಸುತ್ತಿದ್ದ. ತಮಾಷೆ ಏನೆಂದರೆ ಅವನ ಹೆಂಡತಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರು. ಮನೆಯಲ್ಲೇ ಬಾವಿ ಇದ್ದರೂ ಈ ಮಹಾನುಭಾವ ಒಂದು ಬಿಂದಿಗೆ ನೀರು ಸೇದಿದವನಲ್ಲ. ಹೆಂಡತಿಯನ್ನು ಕೇಳಿದರೆ ತನಗೆ ಗೊತ್ತಿಲ್ಲ ಅಂತ ಗೊತ್ತಾಗಿಬಿಡುತ್ತದಲ್ಲ!

ಈ ಗಂಡಹೆಂಡಿರಿಗೆ ಮದುವೆಯಾಗಿ ವರ್ಷಗಳೇ ಕಳೆದಿದ್ದರೂ ಮಕ್ಕಳಿರಲಿಲ್ಲ. ಅದನ್ನು ಸರಿಪಡಿಸಲೆಂದೇ ಟೀಚರ ತಾಯಿ ಎರಡು ಟ್ರಂಕು ಮತ್ತು ಒಂದು ಚೀಲ ಬೇರುನಾರುಗಳೊಂದಿಗೆ ಬಂದು ಇಳಿದಿದ್ದರು. ಜೊತೆಗೆ ಮಗನನ್ನೂ ಕರೆದುಕೊಂಡು ಬಂದಿದ್ದರು. ಆ ಭಾವಮೈದನಿಗೆ ಮದುವೆ ಗೊತ್ತಾಗಿತ್ತು, ಕೆಲಸ ಗೊತ್ತಾಗಿರಲಿಲ್ಲ.

ಈಗ ನಿಜ ಸಂಗತಿ ಹೇಳಿಬಿಡುತ್ತೇನೆ. ನಮಗೆ ಇದು ಗೊತ್ತಾದದ್ದು ಬಹಳ ತಡವಾಗಿ, ಆದರೆ ನಾವು ಪಟ್ಟ ಪಾಡು ನಿಮಗೆ ಯಾಕೆ? ಆಮೇಲೆ ಬನ್ನಣ್ಣನೇ ನನಗೆ ಹೇಳಿದ್ದು. ಬಟ್ಟೆ ಅವನದು, ಹೊಲಿಗೆ ಮಾತ್ರ ನನ್ನದು.

ಡಾಕ್ಟರಮ್ಮ ಮೊದಲು ಟೀಚರನ್ನು ಪರೀಕ್ಷೆ ಮಾಡಿ ಏನೂ ತೊಂದರೆ ಇಲ್ಲ ಎಂದಿದ್ದರು. ಆಮೇಲೆ ಬನ್ನಣ್ಣನನ್ನು ಕರೆಸಿ ಪರೀಕ್ಷೆ ಮಾಡಿ, "ನಿಮ್ಮ ಕೆಲಸ ಏನು?" ಅಂತ ಕೇಳಿದರು.

"ಬೇಕರಿ."

"ಅದೇ ಅಂದ್ಕೊಂಡೆ. ನೋಡಿ, ವೀರ್ಯಾಣು ತಯಾರಾಗೋ ಜಾಗವನ್ನ ದೇಹ ಹೊರಗಡೆ ತೂಗುಹಾಕಿರೋದು ಯಾಕೆ ಗೊತ್ತಾ?"

"ಗೊತ್ತು," ಅಂದ ನಮ್ಮವನು ಅಭ್ಯಾಸಬಲದಿಂದ. "ನೀವೇ ಹೇಳಿ."

"ಮೈಯೊಳಗಿನ ಬಿಸಿ ಅದಕ್ಕೆ ಜಾಸ್ತಿ ಆಗುತ್ತೆ. ಸ್ವಲ್ಪ ತಂಪಾಗಿದ್ರೆ ಮಾತ್ರ ಕೆಲಸ ಸರಿಯಾಗಿ ನಡೆಯೋದು. ನೀವು ದಿನಾ ಅದನ್ನ ಭಟ್ಟಿ ಮುಂದೆ ಹಿಡೀತಿದ್ದೀರಿ. ನಿಮ್ಮಲ್ಲಿ ಸಂಖ್ಯೆ ಕಡಿಮೆ ಇದೆ. ಬಿಸಿಯೇ ಕಾರಣ ಇರಬಹುದು. ಭಟ್ಟಿ ಬಿಡಿ, ಬಿಗಿ ಬಟ್ಟೆ ಬಿಡಿ. ಒಂದು ಬ್ಯಾಚ್ ಶುರುವಾಗಿ ತಯಾರಾಗೋಕೆ ಎರಡೂವರೆ ತಿಂಗಳು ಬೇಕು. ಹೊಸ ಬ್ಯಾಚ್ ಬರಲಿ, ಮತ್ತೆ ನೋಡೋಣ."

ಬ್ಯಾಚ್ ಎಂಬ ಮಾತು ಕೇಳಿದ್ದೇ ಬನ್ನಣ್ಣನ ಕಿವಿ ನೆಟ್ಟಗಾಯಿತು. ಎರಡೂವರೆ ತಿಂಗಳ ಬ್ಯಾಚು! ಯಾವ ಹಿಟ್ಟಪ್ಪಾ ಇದು? ಡಾಕ್ಟರಮ್ಮ ಒಂದು ಹಾಳೆಯಲ್ಲಿ ಗುಂಡಗೆ ಬರೆದು ತೋರಿಸಿದರು. ಒಂದು ಕಣ, ಅದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕಕ್ಕೂ ಬಾಲ ಬರುತ್ತದೆ. ನಮ್ಮವನಿಗೆ ಎಷ್ಟು ಸೋಜಿಗವಾಯಿತೆಂದರೆ ಸರದಿಯಲ್ಲಿ ಕಾದು ಕೂತವರನ್ನು ಮರೆತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ. ಬಾಲ ಮೊದಲು ಬರುತ್ತೋ ತಲೆ ಮೊದಲೋ? ನಾಲ್ಕೂ ಒಂದೇ ತೂಕವೋ? ಕಡೆಗೆ ಡಾಕ್ಟರಮ್ಮ, "ಉಳಿದದ್ದು ನಿಮ್ಮ ಹೆಂಡ್ತೀನ ಕೇಳಿ, ಅವರು ಪಾಠ ಮಾಡ್ತಾರಲ್ಲ," ಎಂದು ಬಾಗಿಲು ತೋರಿಸಿದರು.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. "ಏನಂದ್ರು ಅಳಿಯಂದಿರೇ?"

ಅವರ ಹಿಂದೆ ಟೀಚರು. ಅವರ ಹಿಂದೆ ಭಾವಮೈದ. ಇಷ್ಟು ಕಣ್ಣುಗಳ ಎದುರು ಬನ್ನಣ್ಣ ಮೀಸೆ ನೀವಿಕೊಂಡು, "ನನ್ನಲ್ಲಿ ಏನು ಕಮ್ಮಿ ಇರುತ್ತೆ? ಎಲ್ಲ ಫಸ್ಟ್ ಕ್ಲಾಸ್ ಅಂದ್ರು. ಸ್ವಲ್ಪ ಕಾಯಿರಿ ಅಂದ್ರು," ಎಂದುಬಿಟ್ಟ.

ಅಷ್ಟೇ. ಮಾತು ಆಡಿದರೆ ಹೋಯಿತು. ಅತ್ತೆಯವರ ಲೆಕ್ಕ ಸರಳವಾಗಿತ್ತು. ಅಳಿಯನಲ್ಲಿ ಕಮ್ಮಿ ಇಲ್ಲದಿದ್ದರೆ ಮಗಳಲ್ಲಿ ಇರಲೇಬೇಕು. ಡಾಕ್ಟರು ಏನು ಬೇಕಾದರೂ ಹೇಳಲಿ! ಮಾರನೆಯ ದಿನದಿಂದಲೇ ಒಲೆಯ ಮೇಲೆ ಬೇರು ಕುದಿಯತೊಡಗಿತು. ಟೀಚರು ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ಒಂದು ದೊಡ್ಡ ಲೋಟ ಕಪ್ಪು ಕಷಾಯ ಕೈಗೆ ಬರುತ್ತಿತ್ತು. "ಕುಡಿ, ದೋಷ ಹೋಗಲಿ," ಎಂಬ ಮಾತು ನನ್ನ ಅಂಗಡಿಗೂ ಕೇಳುತ್ತಿತ್ತು. ಅದರ ವಾಸನೆಗೆ ನನ್ನ ಹೊಲಿಗೆ ಮೆಷಿನ್ನಿನ ದಾರ ತುಂಡಾಗುತ್ತಿತ್ತು ಎಂದರೆ ನೀವು ನಂಬಬೇಕಾಗಿಲ್ಲ. ಟೀಚರು ಲೋಟ ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಖಾಲಿ ಲೋಟದೊಂದಿಗೆ ವಾಪಸು ಬರುತ್ತಿದ್ದರು. ಬನ್ನಣ್ಣ ಆ ಹೊತ್ತಿಗೆ ಸರಿಯಾಗಿ ಗೋಡೆಯ ಕಡೆ ತಿರುಗಿ ಡಬ್ಬಿ ಒರೆಸುತ್ತಿದ್ದ. ಆ ಲೋಟ ನಿಜಕ್ಕೂ ಯಾರದು ಎಂದು ಅವನೊಬ್ಬನಿಗೇ ಗೊತ್ತಿತ್ತು. ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದನಂತೆ. ಬಾಯಿ ಮಾತ್ರ ಬರುತ್ತಿರಲಿಲ್ಲ.

ಹೇಳುವುದೊಂದು ಬಿಟ್ಟು ಮಿಕ್ಕ ಚಿಕಿತ್ಸೆಯನ್ನು ಅವನು ಶ್ರದ್ಧೆಯಿಂದ ಶುರುಮಾಡಿದ. ಭಟ್ಟಿಯನ್ನು ಭಾವಮೈದನಿಗೆ ವಹಿಸಿ ತಾನು ಅಂಗಡಿಯ ಗಲ್ಲಾದ ಹಿಂದೆ ಕೂತ. ಪ್ಯಾಂಟು ಸಡಿಲವಾಯಿತು. ಆದರೆ ಅಷ್ಟಕ್ಕೇ ನಿಂತರೆ ಅವನು ಬನ್ನಣ್ಣ ಹೇಗಾದಾನು? ಅವನ ತಲೆ ಹಿಟ್ಟಿನ ದಾರಿಯಲ್ಲೇ ಓಡುವುದು. ಬೆಚ್ಚಗಿಟ್ಟ ಹಿಟ್ಟು ದಡಬಡ ಉಬ್ಬಿ ಹುಳಿಯಾಗುತ್ತದೆ, ತಣ್ಣಗಿಟ್ಟ ಹಿಟ್ಟು ನಿಧಾನವಾಗಿ ಉಬ್ಬಿ ರುಚಿಯಾಗುತ್ತದೆ. ಇದು ಬೇಕರಿಯವರೆಲ್ಲ ಬಲ್ಲ ಸತ್ಯ. ಅಂದಮೇಲೆ ತಣ್ಣಗಾದಷ್ಟೂ ಒಳ್ಳೆಯದೇ ತಾನೆ? ಹೀಗೆ ಯೋಚಿಸಿ ಎದುರಿನ ಜ್ಯೂಸ್ ಅಂಗಡಿಯಿಂದ ದಿನಾ ಬೆಳಿಗ್ಗೆ ಐಸ್ ತರಿಸಿ, ಹಳೆಯ ಬಿಸ್ಕತ್ತಿನ ಡಬ್ಬಿಗೆ ತುಂಬಿ, ಮೇಲೊಂದು ಗೋಣಿ ಹಾಸಿ, ಸ್ಟೂಲಿನ ಮೇಲಿಟ್ಟು ಅದರ ಮೇಲೆ ಕೂರತೊಡಗಿದ.

ಐಸು ಕರಗುತ್ತದೆ. ಅದು ಐಸಿನ ಧರ್ಮ. ಡಬ್ಬಿಗೆ ತುಕ್ಕು ಹಿಡಿದ ತೂತಿತ್ತು. ಅದು ಡಬ್ಬಿಯ ಕರ್ಮ. ಮಧ್ಯಾಹ್ನದ ಹೊತ್ತಿಗೆ ಬನ್ನಣ್ಣನ ಸ್ಟೂಲಿನ ಕೆಳಗಿನಿಂದ ಒಂದು ಸಣ್ಣ ತೊರೆ ಹೊರಟು, ಗಲ್ಲಾದ ಅಡಿಯಿಂದ ಹರಿದು, ಗಿರಾಕಿಗಳು ನಿಲ್ಲುವ ಜಾಗಕ್ಕೆ ಬಂದು ಮಡುಗಟ್ಟುತ್ತಿತ್ತು.

ಅದನ್ನು ಮೊದಲು ನೋಡಿದ್ದು ಪೇಪರ್ ತಾತ. ಬನ್ನು ಒಂದೇ ತಿಂದರೂ ಬೇಕರಿಯ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದುವ ಹಿರಿಯರು. ಕಾಲು ಒದ್ದೆಯಾಯಿತೆಂದು ಬಗ್ಗಿ ನೋಡಿದರು. ನೀರಿನ ಮೂಲ ಹುಡುಕುತ್ತಾ ಕಣ್ಣು ಸ್ಟೂಲಿನವರೆಗೆ ಹೋಯಿತು. ಸ್ಟೂಲಿನ ಮೇಲೆ ಬನ್ನಣ್ಣ ಕಣ್ಣು ಅರೆಮುಚ್ಚಿ ಕೂತಿದ್ದ. ತಾತ ಪೇಪರನ್ನು ಮಡಚಿಟ್ಟು ನೇರ ನನ್ನ ಅಂಗಡಿಗೆ ಬಂದರು.

"ಪಾಪ ಕಣೋ ಟೈಲರ್. ಈ ವಯಸ್ಸಿಗೇ? ನನಗೆ ಎಂಬತ್ತು ದಾಟಿದ್ರೂ ಇನ್ನೂ ಹಿಡಿತದಲ್ಲಿದೆ!"

"ಏನು ತಾತ?"

ತಾತ ಹೇಳಿದರು. ನಾನು ಕುರುವಿನ ವಿಷಯ ಹೇಳಿದೆ. ಎರಡನ್ನೂ ಸೇರಿಸಿ ನೋಡಿದಾಗ ಪರಿಸ್ಥಿತಿ ನಾವು ಎಣಿಸಿದ್ದಕ್ಕಿಂತ ಗಂಭೀರವಾಗಿ ಕಂಡಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ನಮ್ಮ ಬೀದಿಯವರು. ಸಂಜೆಯೊಳಗೆ ಕುರು ಹುಣ್ಣಾಯಿತು, ಹುಣ್ಣು ಅಂಟುರೋಗವಾಯಿತು. ಜ್ಯೂಸ್ ಅಂಗಡಿಯವನು, "ಐಸ್ ಬೇರೆ ತಗೊಂಡು ಹೋಗ್ತಾನಪ್ಪ, ಉರಿ ಎಷ್ಟಿರಬೇಕು ನೋಡಿ," ಎಂದು ತನ್ನ ಸಾಕ್ಷಿಯನ್ನೂ ಸೇರಿಸಿದ.

ಆಮೇಲೆ ಬನ್ನಣ್ಣನ ಮೇಲೆ ಅನುಕಂಪದ ಮಳೆ ಸುರಿಯಿತು. ಒಬ್ಬರು ಮುಲಾಮು ಕೊಟ್ಟರು. ಇನ್ನೊಬ್ಬರು ನಡುವೆ ತೂತಿರುವ ರಬ್ಬರಿನ ದಿಂಬು ತಂದುಕೊಟ್ಟರು. ಹಿಂದಿನ ಬೀದಿಯ ಹೆಂಗಸೊಬ್ಬರು ಅಂಗಡಿಯ ಹೊರಗೇ ನಿಂತು, ಮೂಗಿಗೆ ಸೆರಗು ಹಿಡಿದು, "ನಮ್ಮನೆಯವರಿಗೂ ಹೀಗೇ ಆಗಿತ್ತಣ್ಣ, ಕತ್ತರಿಸಿದ ಮೇಲೆ ಆರಾಮ," ಎಂದರು. ಬನ್ನಣ್ಣ ಆ ರಾತ್ರಿ ಊಟ ಬಿಟ್ಟನಂತೆ.

"ನನಗೇನೂ ಆಗಿಲ್ಲ!" ಎಂದು ಅವನು ಕೂಗಿದಷ್ಟೂ ಜನ ತಲೆ ಅಲ್ಲಾಡಿಸಿ, "ಧೈರ್ಯವಂತ," ಎನ್ನುತ್ತಿದ್ದರು.

ಇತ್ತ ಭಟ್ಟಿಯ ಮುಂದೆ ಭಾವಮೈದನ ರಾಜ್ಯಭಾರ. ಅವನು ಸುಟ್ಟ ಬನ್ನುಗಳಲ್ಲಿ ಎರಡೇ ಜಾತಿ, ಹಸಿ ಮತ್ತು ಕರಿ. ಕರಿ ಬನ್ನಿನಲ್ಲಿ ಮೊಳೆ ಹೊಡೆಯಬಹುದಿತ್ತು. ಬೀದಿ ಗೊಣಗತೊಡಗಿತು. ಅತ್ತೆಯವರು ಅದಕ್ಕೂ ಮೊದಲೇ ಗೊಣಗುತ್ತಿದ್ದರು.

"ನನ್ನ ಮಗ ಬೆಂಕಿ ಮುಂದೆ ಬೇಯ್ತಾ ಇದ್ದಾನೆ, ಅಳಿಯಂದಿರು ಸಿಂಹಾಸನ ಇಳಿಯೋದಿಲ್ಲ! ಏನು ಕಾಲ ಬಂತಪ್ಪಾ!"

"ಸೊಂಟ ನೋವು ಅತ್ತೆ," ಎನ್ನುತ್ತಿದ್ದ ಬನ್ನಣ್ಣ, ಕಣ್ಣು ತಪ್ಪಿಸಿ.

ಹೀಗಿರುವಾಗ ಒಂದು ಸಂಜೆ ನಗರಸಭೆಯ ಹೆಲ್ತ್ ಇನ್ಸ್‌ಪೆಕ್ಟರು ಸ್ಕೂಟರಿನಲ್ಲಿ ಬಂದಿಳಿದರು. ಬೆವರು ಒರೆಸಿಕೊಂಡು ಒಳಗೆ ಬಂದು, ಮಡುಗಟ್ಟಿದ ನೀರಿನ ಅಂಚಿನಲ್ಲಿ ನಿಂತರು. ಅವರ ಹಿಂದೆ ಸಹಾನುಭೂತಿಯ ನೆಪದಲ್ಲಿ ಅರ್ಧ ಬೀದಿ. ನಾನು ಎಲ್ಲರಿಗಿಂತ ಮುಂದೆ ಇದ್ದೆ, ಸಾಕ್ಷಿ ಬೇಕಾದೀತೆಂದು.

"ನೋಡ್ರಿ, ದೂರು ಬಂದಿದೆ. ತಿಂಡಿ ಮಾರೋರಿಗೆ ಅಂಟುರೋಗ ಇರಬಾರದು. ನಿಮಗೆ ಸೊಂಟದ ಕೆಳಗೆ ಏನೋ ಇದೆಯಂತೆ."

"ಎಲ್ಲರಿಗೂ ಇರುತ್ತಲ್ಲ ಸಾರ್," ಅಂದ ಬನ್ನಣ್ಣ.

"ತಮಾಷೆ ಬೇಡ. ಎದ್ದು ನಿಲ್ಲಿ."

ಬನ್ನಣ್ಣ ಎದ್ದ. ಗೋಣಿ ಅವನ ಪ್ಯಾಂಟಿಗೆ ಅಂಟಿಕೊಂಡು ಅರ್ಧ ದಾರಿ ಬಂದು ಕೆಳಗೆ ಬಿತ್ತು. ಡಬ್ಬಿಯಲ್ಲಿ ಐಸು ಹೊಳೆಯಿತು. ಬೀದಿ "ಓ" ಅಂದಿತು.

"ಏನ್ರೀ ಇದು?"

"ಐಸ್ ಸಾರ್."

"ಅದು ಕಾಣುತ್ತೆ. ಐಸ್ ಮೇಲೆ ಯಾಕೆ ಕೂತಿದ್ದೀರಿ? ಕಾರಣ ಹೇಳಿ, ಇಲ್ಲಾಂದ್ರೆ ಈಗಲೇ ಅಂಗಡಿಗೆ ಬೀಗ ಹಾಕ್ತೀನಿ."

ನಾನು ಅವನ ಕಿವಿಯ ಹತ್ತಿರ ಬಗ್ಗಿ, "ಕುರು ಅಂತ ಒಪ್ಕೊಂಡುಬಿಡು ಮಾರಾಯ. ಕುರು ಏನು ಅಂಟುರೋಗವಾ? ವಾಸಿ ಆಗಿದೆ ಅಂದ್ರೆ ಬಿಟ್ಟುಬಿಡ್ತಾರೆ," ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಸಲಹೆ. ಬನ್ನಣ್ಣ ಬಾಯಿ ತೆರೆದ. ಅವನ ತುಟಿಯ ಮೇಲೆ ಕು ಎನ್ನುವ ಅಕ್ಷರ ಬಂದು ಕೂತಿದ್ದನ್ನು ನಾನೇ ನೋಡಿದೆ.

ಆಗಲೇ ಟೀಚರು ಹೆಗಲಿಗೆ ಚೀಲ ಹಾಕಿಕೊಂಡು ಗುಂಪನ್ನು ಸರಿಸುತ್ತಾ ಬಂದರು. ಸೀಮೆಸುಣ್ಣದ ಪುಡಿ ಇನ್ನೂ ಕೈಮೇಲಿತ್ತು. ಒಳಗಿನಿಂದ ಅತ್ತೆಯವರು, ಇನ್ಸ್‌ಪೆಕ್ಟರು ಬರಲಿ ರಾಜನೇ ಬರಲಿ ಹೊತ್ತು ಮೀರಬಾರದು ಎಂದು, ಹಬೆಯಾಡುವ ಲೋಟದೊಂದಿಗೆ ಹೊರಗೆ ಬಂದರು. ಬೀದಿಯೆಲ್ಲ ನೋಡುತ್ತಿದ್ದಂತೆ ಮಗಳ ಕೈಗೆ ಲೋಟ ಕೊಟ್ಟು, "ಕುಡಿ. ನಿನ್ನ ದೋಷ ಹೋದ್ರೆ ಈ ಮನೆಗೆ ಒಳ್ಳೇದಾಗುತ್ತೆ," ಎಂದರು.

ಟೀಚರು ತಲೆ ತಗ್ಗಿಸಿದರು. ಅಷ್ಟು ಜನ ನಿಂತಿದ್ದೆವು. ಒಬ್ಬರೂ ಉಸಿರೆತ್ತಲಿಲ್ಲ.

"ಅವಳದಲ್ಲ!" ಎಂದು ಯಾರೋ ಕಿರುಚಿದರು. ತಿರುಗಿ ನೋಡಿದರೆ ಬನ್ನಣ್ಣ. ಒಂದೇ ನೆಗೆತಕ್ಕೆ ಗಲ್ಲಾ ದಾಟಿ ಬಂದವನು ಹೆಂಡತಿಯ ಕೈಯಿಂದ ಲೋಟ ಕಿತ್ತುಕೊಂಡು ಗಟಗಟ ಕುಡಿಯತೊಡಗಿದ. ಅರ್ಧದಲ್ಲಿ ಕಣ್ಣು ಮೇಲೆ ಹೋಯಿತು. ಆದರೂ ಬಿಡಲಿಲ್ಲ. ತಳದ ಗಸಿಯವರೆಗೂ ಕುಡಿದು, ಲೋಟ ಕುಕ್ಕಿ, ಕಣ್ಣಲ್ಲಿ ನೀರು ಸುರಿಸುತ್ತಾ ಹೇಳಿದ:

"ದೋಷ ನಂದು. ಡಾಕ್ಟರು ಹೇಳಿದ್ದು ನನಗೆ. ನಂದೇ ವೀರ್ಯಾಣು ಕಮ್ಮಿ. ಭಟ್ಟಿ ಬಿಸಿಗೆ ಹಾಳಾಗಿದೆ. ಅದಕ್ಕೇ ಐಸ್ ಮೇಲೆ ಕೂತಿದ್ದು. ಕುರುನೂ ಇಲ್ಲ, ರೋಗಾನೂ ಇಲ್ಲ. ಇವಳಿಗೆ ಏನೂ ಇಲ್ಲ. ಏನೂ ಇಲ್ಲ!"

ಪೇಪರ್ ತಾತನ ಕೈಯಿಂದ ಬನ್ನು ಬಿದ್ದು, ಕರಿ ಬನ್ನಾದ್ದರಿಂದ, ಟಣ್ ಅಂದಿತು.

ಮೊದಲು ಮಾತಾಡಿದ್ದು ಇನ್ಸ್‌ಪೆಕ್ಟರು. ಅವರ ದನಿಯಿಂದ ಸರ್ಕಾರ ಇಳಿದುಹೋಗಿತ್ತು. "ಅಲ್ರೀ... ಬಿಸಿಗೂ ಅದಕ್ಕೂ ಏನು ಸಂಬಂಧ?"

ಯಾರಾದರೂ ಪ್ರಶ್ನೆ ಕೇಳಿದರೆ ಬನ್ನಣ್ಣನಿಗೆ ಸಾಯುವ ಹೊತ್ತಿನಲ್ಲೂ ಜೀವ ಬರುತ್ತದೆ. ಕಣ್ಣೊರೆಸಿಕೊಂಡು, ನಾದಿಟ್ಟಿದ್ದ ಹಿಟ್ಟಿನಿಂದ ಒಂದು ಉಂಡೆ ಕಿತ್ತು ಮೇಜಿನ ಮೇಲೆ ಬಡಿದ. "ನೋಡಿ ಸಾರ್. ಇದು ಒಂದು ಕಣ. ಮೊದಲು ಎರಡು. ಆಮೇಲೆ ನಾಲ್ಕು. ನಾಲ್ಕೂ ಸಮ, ಮೋಸ ಇಲ್ಲ. ಈಗ ಒಂದೊಂದಕ್ಕೂ ಬಾಲ." ನಾಲ್ಕು ಪುಟ್ಟ ಉಂಡೆಗಳಿಂದ ನಾಲ್ಕು ಬಾಲ ಎಳೆದ. "ಎರಡೂವರೆ ತಿಂಗಳ ಕೆಲಸ. ತಂಪಿರಬೇಕು. ಹೆಂಗಸರದ್ದೂ ಹೀಗೇ, ಬಾಲ ಒಂದಿರೋದಿಲ್ಲ ಅಷ್ಟೇ."

"ತಪ್ಪು," ಎಂದರು ಟೀಚರು.

ಆ ದನಿ ಕೇಳಿ ಇನ್ಸ್‌ಪೆಕ್ಟರೂ ಸೇರಿದಂತೆ ನಾವೆಲ್ಲ ನೆಟ್ಟಗೆ ನಿಂತೆವು. ಟೀಚರು ಚೀಲ ಕೆಳಗಿಟ್ಟು ಹಿಟ್ಟಿನ ಹತ್ತಿರ ಬಂದರು.

"ಗಂಡಸರದ್ದು ಸರಿಯಾಗಿ ಹೇಳಿದ್ರಿ. ಮೀಸೆ ಮೂಡೋ ಕಾಲಕ್ಕೆ ಶುರುವಾಗಿ, ದಿನಾ ಕೋಟಿಗಟ್ಟಲೆ ತಯಾರಾಗ್ತಾನೇ ಇರುತ್ತೆ."

"ಎಲ್ಲೀತನಕ?" ಪೇಪರ್ ತಾತ ಕೇಳಿದರು.

"ವಯಸ್ಸಾದ ಹಾಗೆ ಕಮ್ಮಿ ಆಗುತ್ತೆ ತಾತ, ಪೂರ್ತಿ ನಿಲ್ಲೋದು ಅಪರೂಪ." ತಾತ ಕೋಟಿನ ಗುಂಡಿ ಹಾಕಿಕೊಂಡು ಗಂಭೀರರಾದರು.

"ಹೆಂಗಸರದ್ದೂ ಎರಡು ಸಲ ಭಾಗ ಆಗುತ್ತೆ," ಟೀಚರು ಇನ್ನೊಂದು ಉಂಡೆ ತೆಗೆದುಕೊಂಡರು. "ಆದ್ರೆ ಹಿಟ್ಟು ಹಂಚೋದು ಹೀಗೆ." ಉಂಡೆಯಿಂದ ಉಗುರಿನಷ್ಟು ಚೂರು ಚಿವುಟಿ ಪಕ್ಕಕ್ಕೆಸೆದರು. ಮತ್ತೊಂದು ಚೂರು ಚಿವುಟಿ ಎಸೆದರು. ಉಂಡೆ ಉಂಡೆಯಾಗಿಯೇ ಉಳಿಯಿತು. "ಚೂರುಗಳು ಹಾಗೇ ಕರಗಿಹೋಗ್ತವೆ. ಸಾರವೆಲ್ಲ ಒಂದಕ್ಕೇ."

"ಅನ್ಯಾಯ ಅಲ್ವಾ?" ಅಂದ ಬನ್ನಣ್ಣ. ಕಷಾಯದ ಕಹಿ ಮರೆತು ಮಗುವಿನ ಹಾಗೆ ಬಗ್ಗಿ ನೋಡುತ್ತಿದ್ದ.

"ಬುತ್ತಿ ರೀ ಅದು. ಮಗು ಬೆಳೆಯೋಕೆ ಶುರುವಾದ ಮೊದಲ ದಿನಗಳಲ್ಲಿ ತಿನ್ನೋಕೆ ಬೇರೇನೂ ಇರಲ್ಲ. ನಿಮ್ಮದು ಓಡೋ ಕೆಲಸ, ಅದಕ್ಕೆ ಹಗುರ, ಅದಕ್ಕೆ ಬಾಲ. ಅಂಡಾಣುವಿನದು ಸಾಕೋ ಕೆಲಸ."

"ಇದಕ್ಕೂ ಎರಡೂವರೆ ತಿಂಗಳಾ?"

ಟೀಚರು ಉಂಡೆಯನ್ನು ಅಂಗೈಯಲ್ಲಿ ಇಟ್ಟುಕೊಂಡರು. "ನನ್ನ ಅಂಡಾಣುಗಳಿಗೆ ನನಗಿಂತ ಕಮ್ಮಿ ವಯಸ್ಸಲ್ಲ. ನಾನು ಅಮ್ಮನ ಹೊಟ್ಟೇಲಿದ್ದಾಗಲೇ ಅಷ್ಟೂ ಶುರುವಾಗಿದ್ವು. ಅರ್ಧ ಕೆಲಸ ಮುಗಿಸಿ ನಿಂತುಬಿಟ್ಟಿವೆ. ತಿಂಗಳಿಗೆ ಒಂದರ ಹಾಗೆ ಎದ್ದು ಉಳಿದ ಕೆಲಸ ಶುರುಮಾಡುತ್ತೆ. ಕೊನೇ ಭಾಗ ಪೂರ್ತಿ ಆಗೋದು ವೀರ್ಯಾಣು ಬಂದು ಬಾಗಿಲು ತಟ್ಟಿದ ಮೇಲೇನೇ."

"ಯಾರ ಹೊಟ್ಟೇಲಿ?" ಅತ್ತೆಯವರು ಕೇಳಿದರು.

"ನಿನ್ನ ಹೊಟ್ಟೇಲಿ ಅಮ್ಮ. ನಿನ್ನೊಳಗೆ ನಾನು, ನನ್ನೊಳಗೆ ಅವು."

ಅತ್ತೆಯವರು ಅಲ್ಲೇ ಇದ್ದ ಮೈದಾ ಮೂಟೆಯ ಮೇಲೆ ಕೂತರು. ಸೆರಗಿನಿಂದ ಬೆವರು ಒರೆಸಿಕೊಂಡರು. "ಆಗ ನಾನು ಎರಡು ಹೊತ್ತು ವಾಂತಿ ಮಾಡ್ಕೊಂಡು, ಬಾವಿ ನೀರು ಸೇದ್ಕೊಂಡಿದ್ದೆ ಕಣೇ. ನನ್ನ ಮೊಮ್ಮಕ್ಕಳೂ ಆಗಲೇ ಒಳಗಿದ್ರು ಅಂತ ಯಾರೂ ಹೇಳಲಿಲ್ವಲ್ಲ. ಗೊತ್ತಿದ್ರೆ ಇನ್ನೆರಡು ತುತ್ತು ಜಾಸ್ತಿ ತಿಂತಿದ್ದೆ." ಆಮೇಲೆ ಖಾಲಿ ಲೋಟವನ್ನು ನೋಡಿದರು. "ಹಾಗಾದ್ರೆ ನಾನು ದಿನಾ ದೋಷ ಅಂತ ಬೈದದ್ದು ನನ್ನ ಹೊಟ್ಟೇಲಿ ಬೆಳೆದದ್ದನ್ನೇ. ನಿನಗೆ ಇಷ್ಟು ದಿನ ಸುಮ್ಮಸುಮ್ಮನೆ ಆ ಕಹಿ ಕುಡಿಸಿದೆನಲ್ಲೇ!"

"ಕುಡಿದಿದ್ರೆ ತಾನೆ?" ಎಂದರು ಟೀಚರು.

ಬನ್ನಣ್ಣ ತಲೆಯೆತ್ತಿದ. "ಏನು?"

"ಮೊದಲ ದಿನದಿಂದ ಹಿತ್ತಿಲಿನ ಹೂವಿನ ಕುಂಡಕ್ಕೆ ಹಾಕ್ತಿದ್ದೆ. ಆ ಗಿಡ ನೋಡಿ ಹೇಗೆ ಬಾಡಿಹೋಗಿದೆ. ನೀವ್ಯಾಕೆ ಕುಡಿಯೋಕೆ ಹೋದ್ರಿ?"

"ಅಯ್ಯೋ! ನಿನ್ನ ಬದಲು... ನಾನು..." ಬನ್ನಣ್ಣ ಹೊಟ್ಟೆ ಹಿಡಿದುಕೊಂಡ. "ಹಾಗಾದ್ರೆ ನಿನಗೆ ಎಲ್ಲ ಗೊತ್ತಿತ್ತಾ?"

"ಭಟ್ಟಿ ಬಿಟ್ಟ ಬೇಕರಿಯವರು, ಸಡಿಲ ಪ್ಯಾಂಟು, ಐಸಿನ ಡಬ್ಬಿ. ನನ್ನ ಕ್ಲಾಸಿನ ಮಕ್ಕಳೇ ಹೇಳ್ತಿದ್ರು ರೀ. ಅಂದಹಾಗೆ ಐಸ್ ಬೇಡ. ತಂಪು ಅಂದ್ರೆ ಬಿಸಿ ಬೇಡ ಅಂತ, ಹೆಪ್ಪುಗಟ್ಟಿಸಿ ಅಂತ ಅಲ್ಲ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ನೀವಾಗಿ ಹೇಳ್ತೀರಾ ಅಂತ ಕಾಯ್ತಿದ್ದೆ," ಎಂದರು ಟೀಚರು. ಹಿಟ್ಟಿನ ಉಂಡೆಯನ್ನು ಮೇಜಿನ ಮೇಲಿಟ್ಟರು. "ಒಂದೊಂದು ಸಂಜೆ ಆ ಲೋಟ ಸುರಿಯುವಾಗ, ಇವರು ಹೇಳೋದೇ ಇಲ್ವೇನೋ ಅನ್ನಿಸಿ ಅಳು ಬರ್ತಿತ್ತು."

ಜೀವನದಲ್ಲಿ ಮೊದಲ ಸಲ ಬನ್ನಣ್ಣ, "ಏನು ಹೇಳಬೇಕು ಅಂತ ನನಗೆ ಗೊತ್ತಿಲ್ಲ ಕಣೇ," ಎಂದ. ಟೀಚರು ನಕ್ಕರು. ಸೆರಗಿನಿಂದ ಅವನ ಗಡ್ಡದ ಮೇಲಿನ ಕಷಾಯ ಒರೆಸಿದರು. ಇದನ್ನೆಲ್ಲ ಬೀದಿಯಲ್ಲಿ ನಿಂತು ನೋಡಬಾರದೆಂದು ನಾನು ಮುಖ ತಿರುಗಿಸಿದೆ, ಸ್ವಲ್ಪ.

ಆಗಲೇ ಒಳಗಿನ ಕೋಣೆಯಿಂದ ಒಂದು ಆರ್ತನಾದ ಕೇಳಿಸಿತು. ಎಲ್ಲವನ್ನೂ ಬಾಗಿಲ ಸಂದಿಯಿಂದ ಕೇಳುತ್ತಿದ್ದ ಭಾವಮೈದ, ಬನ್ನು ಎಳೆಯುವ ಉದ್ದ ಹಿಡಿಯ ಹಲಗೆಯನ್ನು ಎಸೆದು ಹೊರಗೆ ಓಡಿ ಬಂದ.

"ಭಾವಾ! ಹಾಗಾದ್ರೆ ನಂದು? ನನ್ನ ಮದುವೆ ಬೇರೆ ಹತ್ರ ಬಂತು! ಇಷ್ಟು ದಿನ ನನ್ನನ್ನ ಆ ಬೆಂಕಿ ಮುಂದೆ ನಿಲ್ಲಿಸಿದ್ರಲ್ಲ!" ಎಂದವನೇ ಬನ್ನಣ್ಣನ ಐಸಿನ ಡಬ್ಬಿಯ ಮೇಲೆ ದೊಪ್ಪನೆ ಕೂತ.

"ಏಳೋ, ಐಸ್ ಬೇಡ ಅಂದ್ರಲ್ಲ ಟೀಚರು!" ಎಂದು ಇಡೀ ಬೀದಿ ಒಕ್ಕೊರಲಿನಿಂದ ಕೂಗಿತು. ಒಂದು ಸಂಜೆಯ ಪಾಠಕ್ಕೆ ನಾವೆಲ್ಲ ಅಷ್ಟು ಪಂಡಿತರಾಗಿದ್ದೆವು.

ಒಳಗಡೆ ಭಟ್ಟಿಯಲ್ಲಿ ಒಂದು ಟ್ರೇ ಬನ್ನು ಹೊಗೆಯಾಡುತ್ತಿತ್ತು. ಅಳಿಯ ಹೋಗುವಂತಿಲ್ಲ. ಮಗ ಹೋಗುವುದಿಲ್ಲ. ಇನ್ಸ್‌ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ. ಸೇರಿದ್ದ ಗಂಡಸರೆಲ್ಲ ಭಟ್ಟಿಯ ಕೋಣೆಯನ್ನು ಹುಲಿಯ ಗವಿಯಂತೆ ನೋಡುತ್ತಿದ್ದೆವು.

ಮೈದಾ ಮೂಟೆಯ ಮೇಲಿಂದ ಅತ್ತೆಯವರು ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಪಕ್ಕಕ್ಕೆ ಸರೀರಿ ಎಲ್ಲ. ನನ್ನ ಬ್ಯಾಚೆಲ್ಲ ಯಾವತ್ತೋ ಮುಗಿದಿದೆ, ನನಗ್ಯಾವ ಬೆಂಕಿ ಭಯ?" ಎನ್ನುತ್ತಾ ಹಲಗೆ ಎತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಂದ ಬನ್ನು, ಹೇಳಬಾರದು, ಬನ್ನಣ್ಣನ ಬನ್ನಿಗಿಂತ ಒಂದು ಕೈ ಮೇಲೇ ಇತ್ತು.

ಇನ್ಸ್‌ಪೆಕ್ಟರು ಅಂಗಡಿಗೆ ಬೀಗ ಹಾಕಲಿಲ್ಲ. ಎರಡು ಬನ್ನು ತಿಂದು ಹೊರಡುವಾಗ ಟೀಚರ ಹತ್ತಿರ ಬಂದು ದನಿ ತಗ್ಗಿಸಿದರು. "ಟೀಚರ್, ಒಂದು ಸಂದೇಹ. ಸ್ಕೂಟರ್ ಸೀಟು ದಿನಾ ಬಿಸಿಲಲ್ಲಿ ಕಾಯುತ್ತೆ..."

"ನೆರಳಲ್ಲಿ ನಿಲ್ಲಿಸಿ," ಎಂದರು ಟೀಚರು.

ಇನ್ಸ್‌ಪೆಕ್ಟರು ನೆರಳು ಹುಡುಕುವ ಮೊದಲು ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಏನೂ ಇರಲಿಲ್ಲ, ತೊಟ್ಟಿದ್ದ ಪ್ಯಾಂಟನ್ನೇ ತೋರಿಸಿ, "ಸೀಟು ಸ್ವಲ್ಪ," ಎಂದರು. ಅವರ ಹಿಂದೆ ಜ್ಯೂಸ್ ಅಂಗಡಿಯವನು. ಅವನ ಹಿಂದೆ ಪೇಪರ್ ತಾತ. ಆ ತಿಂಗಳು ನನಗೆ ಕತ್ತರಿ ಕೆಳಗಿಡಲು ಪುರುಸೊತ್ತಾಗಲಿಲ್ಲ. ನಮ್ಮ ಬೀದಿಯ ಗಂಡಸರು ಇವತ್ತಿಗೂ ಗಾಳಿ ಬೀಸಿದರೆ ಹಾಯಿದೋಣಿಗಳ ಹಾಗೆ ಕಾಣುತ್ತಾರೆ.

ಹೊಸ ಬ್ಯಾಚು ಬಂತು. ಡಾಕ್ಟರಮ್ಮ ನೋಡಿ ತಲೆದೂಗಿದರಂತೆ. ಆಮೇಲೂ ಕಾಯಬೇಕಾಯಿತು, ಕಾದರು. ಈ ಸಲ ಇಬ್ಬರೂ ಒಟ್ಟಿಗೆ ಕಾದದ್ದರಿಂದ ಅಷ್ಟು ಉದ್ದ ಅನ್ನಿಸಲಿಲ್ಲವೆಂದು ಬನ್ನಣ್ಣ ಹೇಳಿದ. ಸಂಜೆ ಟೀಚರು ಶಾಲೆ ಮುಗಿಸಿ ಬಂದಾಗ ಅವನು ಗೋಡೆಯ ಕಡೆ ತಿರುಗುವುದಿಲ್ಲ. "ಇವತ್ತು ಏನು ಪಾಠ ಮಾಡಿದೆ?" ಅಂತ ಕೇಳುತ್ತಾನೆ. ಆಮೇಲೆ ಅದನ್ನು ನನಗೆ ಬಂದು ಹಿಟ್ಟಿನ ಉದಾಹರಣೆ ಸಮೇತ ಹೇಳುತ್ತಾನೆ, ಆ ಶಿಕ್ಷೆ ಮಾತ್ರ ತಪ್ಪಿಲ್ಲ.

ಹೆಣ್ಣುಮಗು ಹುಟ್ಟಿತು. ಬೀದಿಗೆ ಬೀದಿಯೇ ನೋಡಲು ಹೋಯಿತು. ಅತ್ತೆಯವರು ಭಟ್ಟಿಯ ಮಸಿಯನ್ನು ಮೊಣಕೈವರೆಗೂ ತೊಳೆದು, ಮಗುವನ್ನು ಎತ್ತಿಕೊಂಡು ಕೂತಿದ್ದರು. ಪೇಪರ್ ತಾತ ಕೈ ಚಾಚಿದಾಗ, "ಹುಷಾರು!" ಎಂದು ಗದರಿದರು. "ಒಬ್ಬಳು ಅಂತ ತಿಳ್ಕೋಬೇಡಿ. ಇವಳೊಳಗೆ ಆಗಲೇ ಇವಳ ಮಕ್ಕಳ ಅರ್ಧ ಕೆಲಸ ಮುಗಿದಿದೆ. ನನ್ನ ಮರಿಮಕ್ಕಳನ್ನೂ ಸೇರಿಸಿ ಎತ್ಕೊಂಡು ಕೂತಿದ್ದೀನಿ."

ಬನ್ನಣ್ಣ ಮೂಲೆಯಲ್ಲಿ ಸಡಿಲ ಪ್ಯಾಂಟಿನಲ್ಲಿ ನಿಂತು ಕಣ್ಣು ಮಿಟುಕಿಸದೆ ಮಗುವನ್ನೇ ನೋಡುತ್ತಿದ್ದ. ಕಡೆಗೆ ಮೆಲ್ಲಗೆ ಕೇಳಿದ:

"ಅತ್ತೆ, ಅದರಲ್ಲಿ ನಂದು?"

ಅತ್ತೆಯವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮದು ತಾಯಿಂದ ಮಗಳಿಗೆ ಹೊತ್ಕೊಂಡು ಬಂದ ಕೆಲಸ. ನಿಮ್ಮದು ಎರಡೂವರೆ ತಿಂಗಳಿಂದು. ಅದನ್ನೂ ಸುಟ್ಟು ಕರಿ ಮಾಡ್ಕೊಂಡಿದ್ರಿ," ಎಂದರು. ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, "ಬನ್ನಿ, ಕೂತ್ಕೊಂಡು ಎತ್ಕೊಳ್ಳಿ. ಮೂಗು ನಿಮ್ಮದೇ," ಎಂದರು.